ಕೆಂಪು ಬಿದ್ದಿದ್ದು ಒಂದು ಕಡೆ, ತಪ್ಪು ಇನ್ನೊಂದು ಕಡೆ

ಏನಕ್ಕಾ, ನಿಮ್ಮ ಮಗನ ಕೋಣೆಯಲ್ಲಿ ರಾತ್ರಿಯೆಲ್ಲ ದೀಪ ಉರೀತಿತ್ತಲ್ಲ? ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡ್ಕೊಂಡೇ ಬಂದ. ಗೇರ್‌ಬಾಕ್ಸ್ ಅಸೆಂಬ್ಲಿ ಕೂರ್ತಿಲ್ಲವಂತೆ. ವಿನ್ಯಾಸದ ತಂತ್ರಾಂಶ ಸಾಲಿಡ್‌ವರ್ಕ್ಸ್ ತೆಗೆದರೆ, ಭಾಗಕ್ಕೆ ಭಾಗ ಜೋಡಿಸೋ ಮೇಟ್‌ಗಳ ಪಟ್ಟಿ ಕೆಂಪೋ ಕೆಂಪು. ನಮ್ಮ ಅಹಮದಾಬಾದಿನ ನವರಂಗಪುರಕ್ಕೆ ಇಂಥ ಮಕ್ಕಳು ಹೊಸಬರಲ್ಲ, 1948ರಲ್ಲಿ ಶುರುವಾದ ಎಲ್.ಡಿ. ಎಂಜಿನಿಯರಿಂಗ್ ಕಾಲೇಜು ಇಲ್ಲೇ ಇದೆಯಲ್ಲ.

ಏನು ತೊಂದರೆ ಅಂದಿರಾ? ಕೇಳಿ. ಪ್ರತಿ ಬಿಡಿಭಾಗಕ್ಕೂ ಆರು ಬಗೆಯ ಚಲನೆ: ಮೂರು ದಿಕ್ಕಿಗೆ ಸರಿಯೋದು, ಮೂರು ಅಕ್ಷದ ಸುತ್ತ ತಿರುಗೋದು. ಮೇಟ್ ಹಾಕೋದು ಅಂದರೆ ಅವನ್ನ ಕಟ್ಟಿಹಾಕೋದು. ಒಂದೇ ಚಲನೆಯನ್ನ ಎರಡು ಮೇಟ್ ಎರಡು ಥರ ಕಟ್ಟೋಕೆ ಹೋದರೆ ಜಗಳ. ಮೂರು ಕಾಲಿನ ಸ್ಟೂಲು ಎಲ್ಲಿಟ್ಟರೂ ಕೂರುತ್ತೆ, ನಾಲ್ಕು ಕಾಲಿನದರಲ್ಲಿ ಒಂದು ಕೂದಲೆಳೆ ಉದ್ದವಾದರೂ ಅಲುಗಾಡುತ್ತೆ. ಆಗಲೇ ಓವರ್ ಡಿಫೈನ್ಡ್ ಅಂತ ಬರೋದು, ಭಾಗದ ಹೆಸರಿನ ಮುಂಚೆ ಪ್ಲಸ್ ಗುರುತು ಬೀಳೋದು.

ನಿಮ್ಮ ಹುಡುಗನ ಕೇಸಿಂಗಿನಲ್ಲಿ ಎರಡು ತೂತಿನ ನಡುವೆ 60 ಮಿಲಿಮೀಟರ್. ಮುಚ್ಚಳವನ್ನ ಯಾವುದೋ ಹಳೇ ಇಂಚಿನ ಡ್ರಾಯಿಂಗ್ ನೋಡಿ ಮಾಡಿದ್ದಾನೆ, ಅಲ್ಲಿ 2.36 ಇಂಚು ಅಂತಿದೆ. ಲೆಕ್ಕ ಹಾಕಿ, 59.944 ಆಗುತ್ತೆ. ಕಣ್ಣಿಗೆ ಕಾಣೋ ವ್ಯತ್ಯಾಸವಲ್ಲ. ಮೊದಲನೇ ತೂತು ಕೂತಿತು, ಎರಡನೇದು ಕೂರಲಿಲ್ಲ. ವಟವಾ ಕೈಗಾರಿಕಾ ಪ್ರದೇಶದ ಯಾವ ಶೆಡ್ಡಿಗಾದರೂ ಒಯ್ದರೆ ಆ ಮುಚ್ಚಳ ಸಲೀಸಾಗಿ ಕೂರುತ್ತೆ, ಯಾಕಂದರೆ ಬೋಲ್ಟಿಗೆ ಒಂಚೂರು ಸಡಿಲ ಬಿಟ್ಟೇ ತೂತು ಕೊರೀತಾರೆ. ಕಂಪ್ಯೂಟರಿಗೆ ಆ ಸಡಿಲದ ಲೆಕ್ಕ ಬೇಡ; ಎರಡೂ ಅಕ್ಷ ಒಂದೇ ಗೆರೆಯಲ್ಲಿರಬೇಕು ಅಂತ ಕಾನ್ಸೆಂಟ್ರಿಕ್ ಮೇಟ್ ಹಾಕಿದ ಮೇಲೆ ಅದು ಹಟ ಬಿಡಲ್ಲ. ಹಟ ಹಿಡಿಯೋದೇ ಅದರ ಕೆಲಸ, ಅದು ಸರಿಯೂ ಹೌದು.

ಅವನು ಮಾಡ್ತಿದ್ದದ್ದೇನು ಗೊತ್ತಾ? ಕೆಂಪಾದ ಮೇಟನ್ನ ಅಳಿಸೋದು, ಮತ್ತೆ ಹಾಕೋದು. ಕೆಂಪು ಬಿದ್ದಿದ್ದು ಕೊನೇಲಿ ಹಾಕಿದ ಮೇಟಿನ ಮೇಲೆ, ತಪ್ಪು ಇರೋದು ಮುಚ್ಚಳದ ಸ್ಕೆಚ್ಚಿನಲ್ಲಿ! ಅಳಿಸೋ ಬದಲು ಒಂದೊಂದೇ ಮೇಟನ್ನ ಸಪ್ರೆಸ್ ಮಾಡ್ತಾ, ಅಂದರೆ ತಾತ್ಕಾಲಿಕವಾಗಿ ತಡೆದಿಡ್ತಾ ಹೋಗಬೇಕು. ಯಾವ ಎರಡಕ್ಕೆ ಆಗಿಬರಲ್ಲ ಅಂತ ಗೊತ್ತಾದ ಮೇಲೆ ಆ ಮುಖ, ಆ ತೂತು ಅಳೆದು ನೋಡಬೇಕು. ಇಷ್ಟು ಚೂರು ವ್ಯತ್ಯಾಸವನ್ನ ಒಪ್ಪಿಕೊಂಡು ಕೂರಿಸೋ ಆಯ್ಕೆಯೂ ಈಗಿನ ಆವೃತ್ತಿಗಳಲ್ಲಿದೆ. ಕಲಿಯೋ ಮಕ್ಕಳು ಅದನ್ನ ಮುಟ್ಟಲೇಬಾರದು ಅಂತೀನಿ ನಾನು.

ಗೆಳೆಯನ ಕಂಪ್ಯೂಟರಿನಲ್ಲಿ ಭಾಗಗಳೇ ಕಾಣಲ್ಲ ಅಂದನಲ್ಲ, ಅದು ಬೇರೆ ವಿಷಯ. ಅಸೆಂಬ್ಲಿ ಫೈಲು ಬರೀ ವಿಳಾಸ ಇಟ್ಕೊಂಡಿರುತ್ತೆ, ಭಾಗಗಳ ಫೈಲು ಬೇರೆ. ಎಲ್ಲ ಫೈಲನ್ನೂ ಒಟ್ಟಿಗೆ ಕಟ್ಟೋ ಪ್ಯಾಕ್ ಅಂಡ್ ಗೋ ಮಾಡಿ ಕಳಿಸಿದರೆ ಮುಗೀತು.

ಕೆಂಪು ಕಾಣಿಸಿದರೆ ಪುಣ್ಯ ಅಕ್ಕಾ. ಕಾಣಿಸದೇ ಹೋದರೆ ಏನಾಗುತ್ತೆ ಅಂತ ಕೇಳಿ. ಏರ್‌ಬಸ್ ಎ380 ವಿಮಾನಕ್ಕೆ ಸುಮಾರು 530 ಕಿಲೋಮೀಟರ್ ವೈರು ಬೇಕಿತ್ತು. ಕಂಪನಿಯ ಹ್ಯಾಂಬರ್ಗಿನವರು ಕ್ಯಾಟಿಯಾ ಅನ್ನೋ ವಿನ್ಯಾಸ ತಂತ್ರಾಂಶದ ನಾಲ್ಕನೇ ಆವೃತ್ತಿಯಲ್ಲಿ, ಟುಲೂಸಿನವರು ಐದನೇದರಲ್ಲಿ ಕೆಲಸ ಮಾಡಿದರು. ಪರದೆಯ ಮೇಲೆ ಸರಿಯಿದ್ದ ವೈರು ಜೋಡಿಸೋ ಹೊತ್ತಿಗೆ ಗಿಡ್ಡವಾಯ್ತು. 2006ರಲ್ಲಿ ವಿಳಂಬದ ಮೇಲೆ ವಿಳಂಬ ಸಾರಿದರು. ಮೊದಲ ವಿಮಾನ ಸಿಂಗಪುರ್ ಏರ್‌ಲೈನ್ಸ್‌ನವರ ಕೈಸೇರಿದ್ದು 2007ರ ಅಕ್ಟೋಬರಿನಲ್ಲಿ.

ಸಂಜೆ ಅವನನ್ನ ಕಳಿಸಿಕೊಡಿ, ಕೂತು ನೋಡೋಣ. ಅಷ್ಟರಲ್ಲಿ ಎಲ್ಲ ಭಾಗವನ್ನೂ ಮಿಲಿಮೀಟರಿಗೆ ತಂದು, ಅಳತೆಗಳನ್ನ ಮತ್ತೊಮ್ಮೆ ನೋಡಿಟ್ಟಿರಲಿ. ಕೆಂಪಾದ ಮೇಟ್ ಒಂದನ್ನೂ ಅಳಿಸಬೇಡ ಅಂತ ಮಾತ್ರ ಮರೀದೆ ಹೇಳಿ.