ಇಲಿಗೆ ಬಂದ ಭಾಗ್ಯ

ನಮ್ಮ ಮನೆಯ ಅಟ್ಟದ ಮೇಲೆ ಹಳೆಯ ಬೂಟಿನ ಡಬ್ಬವೊಂದಿದೆ. ರಟ್ಟಿನದು. ಒಳಗೆ ಬೂಟಿಲ್ಲ, ಪತ್ರಿಕೆಗಳಿಂದ ಕತ್ತರಿಸಿಟ್ಟ ಚೂರುಗಳಿವೆ. ಬೊಕ್ಕತಲೆಗೆ ಮದ್ದು ಸಿಕ್ಕಿತು, ಇನ್ನೇನು ಐದೇ ವರ್ಷ ಎಂಬ ಧಾಟಿಯ ಸುದ್ದಿ ಕಂಡರೆ ಕತ್ತರಿ ಹುಡುಕುವುದು ನನ್ನ ಹಳೇ ಚಟ. "ತಲೇಲಿ ಕಟಿಂಗ್ ಮಾಡಿಸೋಕೆ ಏನೂ ಉಳೀಲಿಲ್ಲ ಅಂತ ಪೇಪರ್ ಕಟಿಂಗ್ ಹಿಡ್ಕೊಂಡ್ರಿ" ಎನ್ನುವುದು ಹೆಂಡತಿಯ ವಿಶ್ಲೇಷಣೆ.

ನನ್ನ ಕೂದಲು ಹೊರಟದ್ದು 26ನೇ ವಯಸ್ಸಿಗೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಸಹಜ, ಆ ಜಾಗದಲ್ಲಿ ಮತ್ತೆ ಹುಟ್ಟುವುದೂ ಸಹಜ ಎಂದರು ಡಾಕ್ಟರು. ನನ್ನವು ಮೊದಲರ್ಧವನ್ನು ಮಾತ್ರ ನಿಷ್ಠೆಯಿಂದ ಪಾಲಿಸಿದವು. ಅಮ್ಮ ದಾಸವಾಳದ ಎಲೆ, ಗರುಗದ ಸೊಪ್ಪು, ಮೆಂತ್ಯ ಎಲ್ಲ ಹಾಕಿ ಕೊಬ್ಬರಿ ಎಣ್ಣೆ ಕಾಯಿಸಿದಳು. ದಿಂಬಿನ ಚೀಲ ಹಸಿರಾಯಿತು. ಸೋದರಮಾವ ಬಂದು, "ಶೀರ್ಷಾಸನ ಹಾಕೋ, ರಕ್ತ ಎಲ್ಲ ಬೇರಿಗೆ ಇಳಿಯುತ್ತೆ" ಎಂದ. ಹಾಕಿದೆ. ಟೀಪಾಯಿಯ ಗಾಜು ಹೋಯಿತು. ಕೊನೆಗೆ ಅಮ್ಮ, ಮಗನಿಗೆ ತಲೆ ತುಂಬ ಕೂದಲು ಬಂದರೆ ತಿರುಪತಿಗೆ ಕರೆತಂದು ಮುಡಿ ಕೊಡಿಸುತ್ತೇನೆ ಎಂದು ಹರಕೆ ಹೊತ್ತಳು. ಈ ವ್ಯವಹಾರದಲ್ಲಿ ನನಗೆ ಉಳಿಯುವುದೇನು ಎಂದು ಕೇಳುವ ಧೈರ್ಯ ಆಗಲಿಲ್ಲ.

ಡಬ್ಬಕ್ಕೆ ಬಿದ್ದ ಮೊದಲ ಚೂರು 2011ರದು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜಾರ್ಜ್ ಕೊಟ್ಸಾರೆಲಿಸ್ ತಂಡದವರು ಗಂಡಸರ ತಲೆಯ ಬೋಳು ಭಾಗವನ್ನೂ ಕೂದಲಿರುವ ಭಾಗವನ್ನೂ ಹೋಲಿಸಿ ನೋಡಿದ್ದರು. ಸ್ಟೆಮ್ ಸೆಲ್ಲುಗಳು ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ ಇವೆಯಂತೆ! ಬೋಳು ಜಾಗದಲ್ಲಿ ಕಡಿಮೆಯಾಗಿರುವುದು ಅವುಗಳಿಂದ ಹುಟ್ಟಿ ಮುಂದೆ ಕೂದಲು ಕಟ್ಟಬೇಕಾದ ಕೋಶಗಳು. ಸರ್ಕಾರಿ ಕಚೇರಿಯಲ್ಲಿ ಸವೆದ ನನಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಸಾಹೇಬರೆಲ್ಲ ಅವರವರ ಕೊಠಡಿಯಲ್ಲಿ ಕ್ಷೇಮವಾಗಿದ್ದಾರೆ, ಗುಮಾಸ್ತರ ಹುದ್ದೆ ಖಾಲಿ, ಕಡತ ಕೆಳಗಿಳಿಯುತ್ತಿಲ್ಲ. ಅಂದರೆ ಕಚೇರಿ ಮುಚ್ಚಿಲ್ಲ! ಆ ರಾತ್ರಿ ಕನ್ನಡಿಯ ಮುಂದೆ ನಿಂತು ನೆತ್ತಿಯನ್ನು ಬಹಳ ಗೌರವದಿಂದ ಸವರಿಕೊಂಡೆ.

ಕನ್ನಡದಲ್ಲಿ ಈ ಸ್ಟೆಮ್ ಸೆಲ್ಲಿಗೆ ಆಕರಕೋಶ ಎನ್ನುತ್ತಾರೆ, ಕಾಂಡಕೋಶ ಅಂತಲೂ ಬರೆಯುತ್ತಾರೆ. ಅಮ್ಮನಿಗೆ ಎರಡನೆಯದನ್ನು ಹೇಳಿ ತಪ್ಪು ಮಾಡಿದೆ. "ಅರಣ್ಯಕಾಂಡ ಮುಗಿದುಹೋಯ್ತಲ್ಲೋ, ಇನ್ನು ಸುಂದರಕಾಂಡ ಓದು, ಒಳ್ಳೇದಾಗುತ್ತೆ" ಎಂದಳು.

2012ರ ಚೂರಿನಲ್ಲಿ ಚಿತ್ರವೂ ಇದೆ. ಟೋಕಿಯೊ ವಿಜ್ಞಾನ ವಿಶ್ವವಿದ್ಯಾಲಯದ ತಕಾಶಿ ತ್ಸುಜಿ ಎಂಬ ವಿಜ್ಞಾನಿಯ ತಂಡ ಮೈಮೇಲೆ ಕೂದಲೇ ಇಲ್ಲದ ಇಲಿಯೊಂದರ ಚರ್ಮಕ್ಕೆ, ಕೋಶಗಳಿಂದ ಹೊಸದಾಗಿ ಕಟ್ಟಿದ ಕೂದಲ ಬುಡಗಳನ್ನು ನಾಟಿ ಮಾಡಿತ್ತು. ಬೆತ್ತಲೆ ಇಲಿಯ ಮೈಮೇಲೆ ಒಂದೇ ಒಂದು ಕರಿ ಜುಟ್ಟು. ನಮ್ಮೂರಿನ ಪುರೋಹಿತರೊಬ್ಬರ ನೆನಪು ತರಿಸುವಂತಿದ್ದ ಆ ಪ್ರಾಣಿಯ ಮೇಲೆ ನನಗೆ ಬಂದ ಹೊಟ್ಟೆಕಿಚ್ಚು ಯಾವ ಸಹೋದ್ಯೋಗಿಯ ಬಡ್ತಿಗೂ ಬಂದಿರಲಿಲ್ಲ.

ಮರುವರ್ಷದ್ದು ಇನ್ನೂ ಸ್ವಾರಸ್ಯ. ಆಕರಕೋಶಗಳಿಗೆ 'ಏಳ್ರಪ್ಪಾ' ಎಂದು ಸೂಚನೆ ಕೊಡುವ ಪ್ಯಾಪಿಲ್ಲಾ ಕೋಶಗಳು ಕೂದಲ ಬುಡದಲ್ಲಿರುತ್ತವೆ. ಅವನ್ನು ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಮಾಡುವ ಕೆಲಸವನ್ನೇ ಮರೆತುಬಿಡುತ್ತವೆ. ನ್ಯೂಯಾರ್ಕಿನ ಕೊಲಂಬಿಯಾ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯಗಳವರು ಅವನ್ನು ತೊಟ್ಟಿಕ್ಕಲಿರುವ ಹನಿಯೊಳಗೆ ಇರಿಸಿ, ತಟ್ಟೆಯನ್ನು ತಲೆಕೆಳಗು ಮಾಡಿ ನೇತುಹಾಕಿದರು. ಆಗ ಕೋಶಗಳೆಲ್ಲ ಒಂದೆಡೆ ಮುದ್ದೆಗಟ್ಟಿ, ಮರೆತದ್ದನ್ನು ಒಂದಿಷ್ಟು ನೆನಪಿಸಿಕೊಂಡವು. ಸೋದರಮಾವನ ಶೀರ್ಷಾಸನ ಸುಳ್ಳಲ್ಲ, ಹಾಕಬೇಕಾದವರು ಬೇರೆ ಇದ್ದರು ಅಷ್ಟೇ. 7 ಜನರಿಂದ ತಂದ ಕೋಶಗಳಲ್ಲಿ 5 ಜನರವು ಕೂದಲು ಕೊಟ್ಟವು. ಎಲ್ಲಿ? ಮನುಷ್ಯ ಚರ್ಮದ ತುಂಡೊಂದನ್ನು ಇಲಿಯ ಬೆನ್ನಿಗೆ ಕಸಿ ಮಾಡಿದ್ದರು, ಅದರ ಮೇಲೆ. ಕೂದಲೇ ಬೆಳೆಯದ ಜಾಗದ ಚರ್ಮ ಬೇಕೆಂದು ಹಸುಗೂಸುಗಳ ಮುಂದೊಗಲನ್ನು ಆರಿಸಿಕೊಂಡಿದ್ದರು. "ಯಾವ ಜಾಗದ್ದಂತೆ?" ಎಂದು ಹೆಂಡತಿ ಕೇಳಿದಾಗ ನಾನು ಕಾಫಿ ಆಯಿತಾ ಎಂದು ಕೇಳಿದೆ.

ಹೀಗೆ ಬೊಕ್ಕತಲೆಯ ಸಮಸ್ಯೆ ಇಲಿಗಳ ಮಟ್ಟಿಗೆ ಹಲವು ಸಲ ಬಗೆಹರಿದಿದೆ. ನನ್ನ ಸರದಿ ಬರಲೆಂದು ನಾನೇ ಒಂದು ಕ್ಲಿನಿಕ್ಕಿಗೆ ಹೋದೆ. ತಲೆ ತುಂಬ ಕೂದಲಿದ್ದ ಹುಡುಗನೊಬ್ಬ ನನ್ನ ನೆತ್ತಿಗೆ ಟಾರ್ಚು ಬಿಟ್ಟು, "ಅಂಕಲ್, ನಿಮ್ದು ಗ್ರೇಡ್ ಸಿಕ್ಸ್" ಎಂದ. ಇರುವುದೇ ಏಳು ಗ್ರೇಡು. ಬಡ್ತಿ ಕಾಣದ ನನಗೆ ಕ್ಷಣಕಾಲ ಹೆಮ್ಮೆಯೇ ಆಯಿತು. "ಸ್ಟೆಮ್ ಸೆಲ್ ಪ್ಯಾಕೇಜಿದೆ, ಇಎಂಐ ಕೂಡ ಇದೆ" ಎಂದ. ಏನು ಮಾಡುತ್ತೀರಿ ಎಂದರೆ, ತೋಳಿನಿಂದ ರಕ್ತ ತೆಗೆದು, ಗಿರಗಿರನೆ ತಿರುಗಿಸಿ, ಮೇಲಿನ ತಿಳಿಯನ್ನು ನೆತ್ತಿಗೆ ಚುಚ್ಚುವುದಂತೆ. ಅದು ಪ್ಲೇಟ್‌ಲೆಟ್ ಅಲ್ಲವೇ, ಅದರಲ್ಲಿ ಸ್ಟೆಮ್ ಸೆಲ್ ಎಲ್ಲಿಂದ ಬಂತು? ಡಬ್ಬದ ವಿದ್ಯೆ ಉಪಯೋಗಕ್ಕೆ ಬಂತು. ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿಯಂಥವನ್ನು ಬಿಟ್ಟರೆ, ಆಕರಕೋಶ ಚಿಕಿತ್ಸೆಯೆಲ್ಲ ಇನ್ನೂ ಪ್ರಯೋಗದ ಹಂತದ್ದೇ ಎಂದು ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲಿ ಹೇಳಿದೆಯಲ್ಲ ಎಂದೆ. "ಅದು ಬೇರೆ ಅಂಕಲ್, ಇದು ಬೇರೆ" ಎಂದು ಟಾರ್ಚು ಆರಿಸಿದ. ಪಕ್ಕದ ಕುರ್ಚಿಯಲ್ಲಿ, ತಲೆಗೆ ಟೋಪಿ ಹಾಕಿಕೊಂಡ ಇಪ್ಪತ್ತೈದರ ಹುಡುಗನೊಬ್ಬ ಫಾರಮ್ಮಿಗೆ ಸಹಿ ಹಾಕುತ್ತಿದ್ದ. ಅವನಿಗೆ ಏನಾದರೂ ಹೇಳಬೇಕೆಂದುಕೊಂಡೆ. ನನ್ನ ತಲೆ ನೋಡಿ ಅವನು ಇನ್ನಷ್ಟು ಬೇಗ ಸಹಿ ಹಾಕಿದ.

ಆಸೆ ಬಿಟ್ಟೆನೇ? ಇಲ್ಲ. 2017ರಲ್ಲಿ ಲಾಸ್ ಏಂಜಲೀಸಿನ ವಿಜ್ಞಾನಿಗಳು ಮಲಗಿರುವ ಆಕರಕೋಶಗಳನ್ನು ಲ್ಯಾಕ್ಟೇಟ್ ಹೆಚ್ಚಿಸಿ ಎಬ್ಬಿಸಬಹುದೆಂದು ತೋರಿಸಿದ್ದರು. ಇಲಿಗಳಲ್ಲಿ, ಬೇರೆಲ್ಲಿ! ಆದರೆ ಅದೇ ಜಾಡಿನ ಲೇಪ ಈಗ ಮನುಷ್ಯರ ತಲೆಯ ಮೇಲೂ ಪರೀಕ್ಷೆಗೆ ಬಂದಿದೆ. "ಬಂದ್ರೂ ಬೆಳ್ಳಗೇ ಬರುತ್ತೆ, ಆಮೇಲೆ ಡೈ ಖರ್ಚು" ಎಂದಳು ಹೆಂಡತಿ. ಈ ಸುದ್ದಿಯ ಚೂರನ್ನು ಸೇರಿಸಲೆಂದು ಮೊನ್ನೆ ಭಾನುವಾರ ಏಣಿ ಹಾಕಿ ಅಟ್ಟ ಹತ್ತಿದೆ. ಡಬ್ಬದ ಮೂಲೆ ತೂತಾಗಿತ್ತು. ಮುಚ್ಚಳ ತೆಗೆದರೆ ಪೆನ್ಸಿಲ್ವೇನಿಯಾ, ಟೋಕಿಯೊ, ಕೊಲಂಬಿಯಾ ಎಲ್ಲ ಸಣ್ಣ ಸಣ್ಣ ಚೂರಾಗಿ ಮೆತ್ತನೆಯ ಹಾಸಿಗೆಯಾಗಿದ್ದವು. ನಡುವಿನಿಂದ ಒಂದು ಇಲಿ ಚಂಗನೆ ಹಾರಿ ತೊಲೆಯ ಮೇಲೆ ಕೂತು ನನ್ನನ್ನು ನೋಡಿತು. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಎಂಥ ದಟ್ಟ ಕೂದಲು, ಎಂಥ ಹೊಳಪು!

ರಾತ್ರಿ ಹೆಂಡತಿ ಕೊಬ್ಬರಿ ಚೂರು ಸುಟ್ಟು ಬೋನಿಗೆ ಸಿಕ್ಕಿಸಿ ಇಟ್ಟಳು. ಬೆಳಿಗ್ಗೆ ನೋಡಿದರೆ ಕೊಬ್ಬರಿಯೂ ಇರಲಿಲ್ಲ, ಇಲಿಯೂ ಇರಲಿಲ್ಲ.