ಎಂಬತ್ತಾರು ನಿಂಬೆಹಣ್ಣು

ಕಡೂರು ದಾಟಿ ಬೀರೂರು ಇನ್ನೂ ಸಿಗದ ಜಾಗದಲ್ಲಿ ನಮ್ಮ ಕಾರು ನಿಂತಿತು. ಕೆಮ್ಮಲಿಲ್ಲ, ಕುಲುಕಲಿಲ್ಲ, ಹೊಗೆಯನ್ನೂ ಬಿಡಲಿಲ್ಲ. ಮಾತಾಡುತ್ತಿದ್ದವರು ಎದ್ದು ಒಳಗೆ ಹೋದಂತೆ ಇಂಜಿನ್ ಸದ್ದು ಹೋಯಿತು. ಶಿವಮೊಗ್ಗದ ಗೃಹಪ್ರವೇಶಕ್ಕೆ ಹೊರಟ ನಾವು ಹುಣಸೆಮರದ ನೆರಳಿಗೆ ಪ್ರವೇಶ ಮಾಡಿದೆವು.

ಕೀಲಿ ತಿರುಗಿಸಿದೆ. ದಿನಾ ‘ಕುಯ್ಯಂ ಕುಯ್ಯಂ’ ಎಂದು ತಿಣುಕುತ್ತಿದ್ದ ಸೆಲ್ಫು ಅಂದು ಹಗುರವಾಗಿ ‘ಝುಯ್ಯ್’ ಎಂದು ತಿರುಗಿತು. “ನೋಡು, ಬ್ಯಾಟರಿ ಎಷ್ಟು ಚೆನ್ನಾಗಿದೆ!” ಎಂದೆ ಹೆಂಡತಿಗೆ. ಬೀರೂರಿಂದ ಬೈಕಿನಲ್ಲಿ ಬಂದ ಮೆಕ್ಯಾನಿಕ್ ಹತ್ತು ಹೆಜ್ಜೆ ದೂರದಿಂದಲೇ ಆ ಸದ್ದು ಕೇಳಿ ಕೈ ಎತ್ತಿದ. “ಸಾಕು ಸಾರ್, ಇನ್ನು ಹೊಡೀಬೇಡಿ. ಟೈಮಿಂಗ್ ಬೆಲ್ಟ್ ಕಟ್ಟಾಗಿದೆ.” ಒಳಗೆ ಒತ್ತಡವೇ ಉಳಿದಿರಲಿಲ್ಲ, ಸೆಲ್ಫಿಗೆ ತಿಣುಕುವ ಕಾರಣವೇ ಇರಲಿಲ್ಲ.

ಆತ ಬಾನೆಟ್ ಎತ್ತುವ ಮೊದಲು ತನ್ನ ಕೈಗಳಲ್ಲೇ ಇಂಜಿನ್ ಬಿಚ್ಚಿ ತೋರಿಸಿದ. ಎಡಗೈ ಮುಷ್ಟಿ ಪಿಸ್ಟನ್, ಬಲಗೈಯ ಎರಡು ಬೆರಳು ವಾಲ್ವ್. ಮುಷ್ಟಿ ಮೇಲೆ ಬರುವ ಹೊತ್ತಿಗೆ ಬೆರಳು ಮೇಲೆದ್ದು ಜಾಗ ಬಿಟ್ಟಿರಬೇಕು. ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ಬಂದರೆ ಮೇಲಿನ ಕ್ಯಾಮ್ ಒಂದೇ ಸುತ್ತು. ಆ ತಾಳ ತಪ್ಪದಂತೆ ಇಬ್ಬರನ್ನೂ ಕಟ್ಟಿಹಾಕಿರುವುದು ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ. ಇಂಜಿನ್ ನಿಮಿಷಕ್ಕೆ 2,400 ಸುತ್ತು ತಿರುಗುತ್ತಿದ್ದರೆ ಒಂದೊಂದು ವಾಲ್ವೂ ಸೆಕೆಂಡಿಗೆ 20 ಸಲ ಬಾಗಿಲು ತೆರೆದು ಮುಚ್ಚಬೇಕು. ಪಟ್ಟಿ ಹರಿದ ಕ್ಷಣ... ಆತ ಮುಷ್ಟಿಯಿಂದ ಬೆರಳಿಗೆ ಗುದ್ದಿದ. “ಕೆಲವು ಇಂಜಿನ್ನಲ್ಲಿ ಎರಡಕ್ಕೂ ನಡುವೆ ಜಾಗ ಇರುತ್ತೆ, ಬರೀ ನಿಲ್ಲುತ್ತೆ ಅಷ್ಟೆ. ನಿಮ್ದು ಆ ಪುಣ್ಯ ಮಾಡಿಲ್ಲ ಸಾರ್. ಬೆಲ್ಟ್ ಯಾವಾಗ ಹಾಕ್ಸಿದ್ರಿ?”

ನಾನು ಹುಣಸೆಮರ ನೋಡಿದೆ. ಎರಡು ವರ್ಷದ ಹಿಂದೆ ನಮ್ಮೂರಿನ ಗ್ಯಾರೇಜಿನಲ್ಲಿ ಬೆಲ್ಟ್ ಬದಲಿಸಲು ಹೇಳಿದ್ದರು. “ಓಡ್ತಾ ಇದೆಯಲ್ಲ?” ಎಂದು ಕೇಳಿ, ಆ ದುಡ್ಡಲ್ಲಿ ಸೀಟ್ ಕವರ್ ಹಾಕಿಸಿದ್ದೆ. ಸೀಟ್ ಕವರ್ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಬೆಲ್ಟು ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಕೂತಿರುತ್ತದೆ. ಅದನ್ನು ನೋಡಿ ಹೊಟ್ಟೆ ಉರಿದುಕೊಳ್ಳುವವರು ಯಾರು?

“ನಿಂಬೆಹಣ್ಣು ಮಾತ್ರ ಒಂದು ಅಮಾವಾಸ್ಯೆಯೂ ತಪ್ಪಿಸಿಲ್ಲ ಇವರು,” ಎಂದಳು ಹೆಂಡತಿ. ಬಿಸಿಲಲ್ಲಿ ಬೇರೆ ಕೆಲಸವಿಲ್ಲದೆ ಲೆಕ್ಕಕ್ಕೂ ಕೂತಳು. ಏಳು ವರ್ಷಕ್ಕೆ 84. ನಡುವೆ ಬಂದ ಎರಡು ಅಧಿಕಮಾಸ ಸೇರಿ 86.

ಹಳೆಯ ಅಂಬಾಸಿಡರ್‌ಗಳಲ್ಲಿ ಈ ಬೆಲ್ಟಿನ ಜಾಗದಲ್ಲಿ ಚೈನ್ ಇರುತ್ತಿತ್ತು. ಸವೆದರೆ ಗರಗರ ಎಂದು ಬೀದಿಗೆಲ್ಲ ದೂರು ಹೇಳುತ್ತಿತ್ತು. 1960ರ ದಶಕದ ಆರಂಭದಲ್ಲಿ ಜರ್ಮನಿಯ ಗ್ಲಾಸ್ ಕಂಪನಿ ತನ್ನ 1004 ಕಾರಿಗೆ ರಬ್ಬರ್ ಬೆಲ್ಟು ಹಾಕಿತು. ಸದ್ದು ಕಡಿಮೆ, ಖರ್ಚೂ ಕಡಿಮೆ. ಆ ನಿಶ್ಶಬ್ದವೇ ನನಗೆ ಮುಳುವಾಯಿತು. ಗೊಣಗುವವರ ಜೊತೆ ಬಾಳುವುದು ನನಗೆ ಅಭ್ಯಾಸವಿದೆ. ಇದು ಗೊಣಗಲೇ ಇಲ್ಲ.

ಮೂರನೇ ದಿನ ಬೀರೂರಿಗೆ ಬಂದಾಗ ಹೆಡ್ ಬಿಚ್ಚಿತ್ತು. ಮೆಕ್ಯಾನಿಕ್ ಒಂದೊಂದೇ ವಾಲ್ವನ್ನು ಗಾಜಿನ ಮೇಲೆ ಉರುಳಿಸಿದ. ಎರಡು ನೆಟ್ಟಗೆ ಉರುಳಿದವು. ಉಳಿದ ಆರು ಮದುವೆಮನೆಯಲ್ಲಿ ಕುಡಿದು ಬಂದವರಂತೆ ತೂರಾಡಿದವು. ಜೊತೆಗೆ ಟೆನ್ಷನರ್, ವಾಟರ್ ಪಂಪನ್ನೂ ಬದಲಿಸಿದ. “ನಾಳೆ ಪಂಪು ಸೋರಿದ್ರೆ ಇದನ್ನೆಲ್ಲ ಮತ್ತೆ ಬಿಚ್ಚಬೇಕು, ಮತ್ತೆ ಅದೇ ಕೂಲಿ.” ಆ ಬೆಲ್ಟು ಹಾಕಿಸದೆ ಮೂರೂವರೆ ಸಾವಿರ ಉಳಿಸಿದ್ದೆ, ಬಿಲ್ಲು ಹದಿನೆಂಟು ಸಾವಿರ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ತಾರೀಖು, ಕಿಲೋಮೀಟರ್ ಬರೆದುಕೊಟ್ಟ.

ಆ ವರ್ಷ ಆಯುಧಪೂಜೆಗೆ ನಮ್ಮೂರ ಗ್ಯಾರೇಜಿನವನನ್ನೇ ಕರೆಸಿ ಮುಚ್ಚಳ ಬಿಚ್ಚಿಸಿದೆ. ಕುಂಕುಮದ ಬಟ್ಟಲು ಹಿಡಿದು ಭಕ್ತಿಯಿಂದ ಬಾಗಿದ್ದೆ, ಆತ ನನ್ನ ಮಣಿಕಟ್ಟು ಹಿಡಿದ.

“ಎಣ್ಣೆ, ನೀರು, ಪುಡಿ ಏನೂ ತಾಗಬಾರದು ಸಾರ್ ಇದಕ್ಕೆ.”

ಮನೆಯವರೆಲ್ಲ ನೋಡುತ್ತಿದ್ದರು. ಎತ್ತಿದ ಬೆರಳು ಇಳಿಸುವುದು ಹೇಗೆ? ಡ್ಯಾಶ್‌ಬೋರ್ಡಿನಿಂದ ಬೀರೂರಿನ ಬಿಲ್ಲು ತೆಗೆದು ಅದಕ್ಕೆ ಕುಂಕುಮ ಹಚ್ಚಿದೆ.