ನಾಗರಖಂಡದ ಹೊಸ ಆಡಳಿತ

ಮಕ್ಕಳಿಗೆ ಇತಿಹಾಸ ತೋರಿಸಬೇಕೆಂಬ ಹುಮ್ಮಸ್ಸು ದೊಡ್ಡವರಿಗೆ ಬರುವುದು ರಜೆ ಮುಗಿಯುವ ಹೊತ್ತಿಗೆ. ಅಷ್ಟರಲ್ಲಿ ಅಜ್ಜಿಮನೆಯ ಹಲಸು ಮುಗಿದಿರುತ್ತದೆ, ಜಗಳಕ್ಕೆ ಹೊಸ ಕಾರಣಗಳೂ ಉಳಿದಿರುವುದಿಲ್ಲ. ಶಿಕಾರಿಪುರ, ಸೊರಬದ ಕಡೆಯವರಿಗಾದರೆ ಇದಕ್ಕೆ ದೂರ ಹೋಗುವ ಕಷ್ಟವಿಲ್ಲ. ಬಳ್ಳಿಗಾವಿ, ತಾಳಗುಂದ, ಉಡುತಡಿ ಎಂದು ಯಾವ ದಾರಿ ಹಿಡಿದರೂ ಒಂದು ಗುಡಿಯೋ ಶಾಸನವೋ ಅಡ್ಡ ಬರುತ್ತದೆ. ನಾವು ಬಂದಳಿಕೆಯ ದಾರಿ ಹಿಡಿದೆವು.

ಅಮೆರಿಕದಿಂದ ಬಂದಿದ್ದ ತಮ್ಮನ ಮಗ ಕಾರಿಳಿದವನೇ ಕೇಳಿದ: 'ಅತ್ತೆ, ಇಲ್ಲಿ ಆಕ್ಟ್ ಮಾಡೋರು ಎಲ್ಲಿ?'

ಅವನು ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ನೋಡಿದ್ದಾನೆ. ಅಲ್ಲಿ ಹದಿನೆಂಟನೆಯ ಶತಮಾನದ ಉಡುಪು ತೊಟ್ಟು ಕಮ್ಮಾರರು ಕಬ್ಬಿಣ ಬಡಿಯುತ್ತಾರೆ. ಏನು ಕೇಳಿದರೂ ಆ ಕಾಲದವರ ಹಾಗೇ ಉತ್ತರ ಕೊಡುವವರೂ ಇದ್ದಾರೆ. ಐದನೇ ಕ್ಲಾಸಿನ ನನ್ನ ಮಗಳು ಬಿಟ್ಟುಕೊಡುವವಳಲ್ಲ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರು ಹಳ್ಳಿಯ ಬದುಕನ್ನು ಆಳೆತ್ತರದ ಮೂರ್ತಿಗಳಲ್ಲಿ ನಿಲ್ಲಿಸಿದ್ದನ್ನು ನೋಡಿದವಳು. 'ನಮ್ಮವರಿಗೆ ಸಂಬಳಾನೂ ಬೇಡ, ಊಟಾನೂ ಬೇಡ' ಎಂದಳು.

ಬಂದಳಿಕೆಯಲ್ಲಿ ಇವೆರಡೂ ಇಲ್ಲ. ಶಾಂತಿನಾಥ ಬಸದಿ ಇದೆ, ಸಹಸ್ರಲಿಂಗ ಗುಡಿ ಇದೆ, ಮೂರು ಗರ್ಭಗುಡಿಗಳ ತ್ರಿಮೂರ್ತಿ ನಾರಾಯಣ ಗುಡಿ ಇದೆ. ಸೋಮೇಶ್ವರ ಗುಡಿಯ ಬಾಗಿಲಿನ ಅಕ್ಕಪಕ್ಕದ ಕಲ್ಲಿನ ಜಾಲಂಧ್ರಗಳಲ್ಲಿ ರಾಮಾಯಣ, ಮಹಾಭಾರತಗಳೇ ಇವೆ. ಇಲ್ಲದ್ದು ಜನ ಮಾತ್ರ.

ಮಕ್ಕಳ ಮುಖ ಸಪ್ಪಗಾದದ್ದು ಕಂಡು ನಾನು ಜಕ್ಕಿಯಬ್ಬೆಯನ್ನು ಹೊರತೆಗೆದೆ. ಹತ್ತನೆಯ ಶತಮಾನದ ಆರಂಭ, ರಾಷ್ಟ್ರಕೂಟರ ಕಾಲ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡ, ಅಂದರೆ ಎಪ್ಪತ್ತು ಊರುಗಳ ನಾಡಗೌಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡ. ಅವನ ಅಧಿಕಾರ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಆಕೆ ಚೆನ್ನಾಗಿ ನಾಡು ನಡೆಸಿದಳೆಂದು ಶಾಸನವೇ ಹೊಗಳುತ್ತದೆ. ಕೊನೆಗೆ ಕಾಯಿಲೆ ಬಿದ್ದಾಗ ಮಗಳನ್ನು ಕರೆದು ತನ್ನದನ್ನೆಲ್ಲ ಒಪ್ಪಿಸಿ, ಇದೇ ಬಂದಳಿಕೆಯ ಬಸದಿಯಲ್ಲಿ ಉಪವಾಸದಿಂದ ದೇಹ ಬಿಡುವ ಸಲ್ಲೇಖನ ವ್ರತ ಕೈಗೊಂಡಳು.

ಕೊನೆಯ ಭಾಗ ನನ್ನ ಮಗಳ ಕಿವಿಗೆ ಬಿತ್ತೋ ಇಲ್ಲವೋ. 'ನಾನೇ ಜಕ್ಕಿಯಬ್ಬೆ' ಎಂದು ಆಗಲೇ ಗುಡಿಯ ಜಗಲಿ ಹತ್ತಿದ್ದಳು. ಅಮೆರಿಕದವನು ಶಿಲ್ಪಿಯಾದ. ನನ್ನ ತಮ್ಮನಿಗೆ ಎಪ್ಪತ್ತರ ಪೈಕಿ ಒಂದೂರಿನ ರೈತನ ಪಾತ್ರ ಸಿಕ್ಕಿತು. ಮಾಮನಾದರೂ ಸುಂಕ ಮಾಫಿ ಇಲ್ಲವೆಂದು ಅಪ್ಪಣೆಯಾಯಿತು. ನಾನು ಶಾಸನ ಬರೆಯುವವಳು, ಅಂದರೆ ಸುಮ್ಮನೆ ಕೂರುವವಳು.

ಆಮೇಲೆ ಶುರುವಾಯಿತು ತಕರಾರು. ಇಷ್ಟು ಕಲ್ಲು ತಂದವರಿಗೆ ಊಟ ಯಾರು ಹಾಕಬೇಕು? ಭತ್ತದಲ್ಲಿ ಎಷ್ಟು ಪಾಲು ಗುಡಿಗೆ, ಎಷ್ಟು ಪಾಲು ಗೌಡತಿಗೆ? ಮಳೆ ಬಾರದ ವರ್ಷವೂ ಕೊಡಬೇಕೇ? ಗಂಡಸರು ಮಾತು ಕೇಳದಿದ್ದರೆ ಜಕ್ಕಿಯಬ್ಬೆ ಏನು ಮಾಡುತ್ತಿದ್ದಳು? ಸಂಬಳದ ಪಾತ್ರಧಾರಿಗಳಿದ್ದರೆ ಒಂದೊಂದಕ್ಕೂ ಬಾಯಿಪಾಠದ ಉತ್ತರ ಸಿಗುತ್ತಿತ್ತು. ಮಕ್ಕಳು ತಲೆಯಾಡಿಸಿ ಐಸ್‌ಕ್ರೀಮ್ ಅಂಗಡಿಗೆ ಓಡುತ್ತಿದ್ದರು. ಇಲ್ಲಿ ಉತ್ತರ ಹೇಳುವವರಿಲ್ಲದೆ ತಾವೇ ಊರನ್ನು ನಡೆಸಿ ನೋಡಬೇಕಾಯಿತು. ಇತಿಹಾಸದ ಪುಸ್ತಕ ಯುದ್ಧದ ಇಸವಿ ಕೇಳುತ್ತದೆ. ಇವರು ಅನ್ನದ ಲೆಕ್ಕ ಕೇಳುತ್ತಿದ್ದರು. ನಾಡು ಆಳಿದವಳು ಮೊದಲು ಕೇಳಿದ್ದೂ ಅದನ್ನೇ ಇರಬೇಕು.

ಆಡಳಿತ ಸುಗಮವಾಗಿಯೇನೂ ಸಾಗಲಿಲ್ಲ. ಕೋಡುಬಳೆಯ ರೂಪದಲ್ಲಿ ಸಂದಾಯವಾದ ಸುಂಕವನ್ನೆಲ್ಲ ಗೌಡತಿಯೇ ತಿಂದುಬಿಟ್ಟಳು. ಕೂಲಿ ಸಿಗದ ಶಿಲ್ಪಿ ಮುಷ್ಕರ ಹೂಡಿದ. ಮಂಗಗಳ ಗುಂಪೊಂದು ಬಂದು ಉಗ್ರಾಣದ ಚಿತ್ರಾನ್ನದ ಡಬ್ಬಿಗೇ ಕೈಹಾಕಿತು; ಗಡಿ ಕಾಯುವವರನ್ನು ನೇಮಿಸಲು ಎಲ್ಲರೂ ಮರೆತಿದ್ದರು.

ಹೊರಡುವಾಗ ಜಕ್ಕಿಯಬ್ಬೆ ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಅಧಿಕಾರ ಹಸ್ತಾಂತರದ ಕಥೆಯನ್ನು ಶಿಲ್ಪಿ ನೆನಪಿಸಿದ. 'ಅದು ಮಗಳಿಗೆ ಮಾತ್ರ ಕಣೋ' ಎಂದಳು.